ತೊಂಬತ್ತು ಗೂಬೆಗಳು

"ಮೂರೇ ಸಲ. ನಾಲ್ಕನೇದು ಕೇಳೋ ಹಾಗಿಲ್ಲ," ಎಂದಳು ರೋವೆನಾ, ಶಾಲೆಯ ಬಾಗಿಲಲ್ಲಿ ಕೊಡೆ ಮಡಚುತ್ತ.

ಲಯನೆಲ್ ಕ್ರಾಸ್ಟರ್ ನಕ್ಕ. "ಷರತ್ತು ನಿನ್ನದೋ, ಅವಳದೋ?"

"ಅವಳದೇ. ಗುರುತು ಹಿಡಿದ್ರೆ ಈಸ್ಟರ್ ರಜೆಗೆ ನಿನ್ನ ಜೊತೆ ಕಾರ್ನ್‌ವಾಲ್‌ಗೆ ಬರ್ತಾಳಂತೆ. ಇಲ್ಲಾಂದ್ರೆ ಇಲ್ಲ. ಮುಂದಕ್ಕೂ ಕರೀಬೇಡ ಅಂದಿದಾಳೆ."

"ಹೆತ್ತ ಮಗಳನ್ನ ಗುರುತು ಹಿಡಿಯಲ್ವಾ ನಾನು?"

"ಎರಡು ವರ್ಷ ಆಯ್ತು ನೀನವಳನ್ನ ನೋಡಿ," ಎಂದಳು ಮಾಜಿ ಹೆಂಡತಿ. "ಮಕ್ಕಳು ಬೆಳೀತಾರಪ್ಪ."

ಆಟ ಅವನದೇ. ಅವನು ಬರೆದ ಮಕ್ಕಳ ಕಾದಂಬರಿ ಮಾಲೆಯ ಮೂರನೆಯ ಪುಸ್ತಕದಲ್ಲಿ ತಾಯೊಬ್ಬಳು ನೂರು ಗೂಬೆಗಳ ನಡುವೆ ಶಾಪದಿಂದ ಗೂಬೆಯಾದ ಮಗಳನ್ನು ಹುಡುಕಬೇಕು, ಮೂರು ಅವಕಾಶಗಳಲ್ಲಿ. ಎರಡು ತಪ್ಪಿದ ಮೇಲೆ ಅವಳು ಸುಮ್ಮನೆ ನಿಂತು ಹೆಸರು ಹಿಡಿದು ಕರೆಯುತ್ತಾಳೆ. 'ನೂರು ಗೂಬೆಗಳಲ್ಲಿ ಒಂದು ಮಾತ್ರ ತಲೆ ತಗ್ಗಿಸಿತು.' ಈ ಒಂದು ವಾಕ್ಯ ನಲವತ್ತೊಂದು ಭಾಷೆಗಳಿಗೆ ಹೋಗಿತ್ತು. ಲಿಮಾದಲ್ಲಿ ಒಬ್ಬ ಮುದುಕಿ ಅದನ್ನು ಬಾಯಿಪಾಠ ಒಪ್ಪಿಸಿ ಗಳಗಳನೆ ಅತ್ತಿದ್ದಳು. ಲೋಕವನ್ನೆಲ್ಲ ಅಳಿಸಿದ ಪುಣ್ಯಾತ್ಮನಿಗೆ ಒಂದು ಮಗುವನ್ನು ಹುಡುಕುವುದು ಯಾವ ಲೆಕ್ಕ!

ಅಲ್ಲದೆ ಆ ವಾಕ್ಯ ಹುಟ್ಟಿದ್ದೇ ಮಗಳು ಟ್ಯಾಬಿತಾಳಿಂದ. ಮೂರು ವರ್ಷದವಳಿದ್ದಾಗ ಹೆಸರು ಹಿಡಿದು ಕರೆದರೆ ಸಾಕು, ನಾಚಿ ತಲೆ ತಗ್ಗಿಸುತ್ತಿದ್ದಳು. ಅದನ್ನು ಅವನು ಯಾವ ಸಂದರ್ಶನದಲ್ಲೂ ಹೇಳಿರಲಿಲ್ಲ.

ಪುಸ್ತಕ ದಿನಕ್ಕೆ ಪ್ರತಿ ಮಗುವೂ ತನಗಿಷ್ಟವಾದ ಪಾತ್ರದ ವೇಷ ಹಾಕಿಕೊಂಡು ಬರುವುದು ವಾಡಿಕೆ. ಈ ವರ್ಷ ಪ್ರಕಾಶಕರು ಲೇಖಕರ ಭೇಟಿಗೆಂದು ಪೆಟ್ಟಿಗೆಗಟ್ಟಲೆ ಗೂಬೆಯ ಮುಖವಾಡ, ಬೂದು ನಿಲುವಂಗಿಗಳನ್ನು ಪುಕ್ಕಟೆ ಕಳಿಸಿದ್ದರು. ರಾತ್ರಿಯೆಲ್ಲ ಕೂತು ಹೊಲಿಯುವುದು ತಪ್ಪಿತಲ್ಲ ಎಂದು ತಾಯಂದಿರಿಗೆ ಖುಷಿ. ಮಧ್ಯಾಹ್ನದ ಕರಿದ ಮೀನಿನ ವಾಸನೆ ಇನ್ನೂ ಆರದ ಸಭಾಂಗಣದಲ್ಲಿ ಟ್ಯಾಬಿತಾಳೂ ಸೇರಿ ಐದನೆಯ ತರಗತಿಯ ತೊಂಬತ್ತು ಗೂಬೆಗಳು ಸಾಲಾಗಿ ನಿಂತಿದ್ದವು.

"ಶಾಲೆಗೆ ಶಾಲೆಯೇ ಗೂಬೆ ಆಗ್ಬಿಟ್ಟಿದೆ ಸರ್," ಎಂದರು ಮುಖ್ಯೋಪಾಧ್ಯಾಯಿನಿ ಮಿಸ್ ಪೆಟಿಫರ್, ಹೆಮ್ಮೆಯಿಂದ.

ಎರಡನೆಯ ಸಾಲಿನಲ್ಲಿ ಒಂದು ಗೂಬೆ ಒಂಟಿಕಾಲಲ್ಲಿ ನಿಂತಿತ್ತು. ಟ್ಯಾಬಿತಾ ಹಾಗೇ ನಿಲ್ಲುತ್ತಿದ್ದಳು. ಲಯನೆಲ್ ನೆಟ್ಟಗೆ ಹೋಗಿ ಅದರ ಕೈ ಹಿಡಿದ.

"ಸಿಕ್ಕಿಬಿದ್ದೆ, ಟ್ಯಾಬಿ!"

ಮುಖವಾಡ ಮೇಲೆದ್ದಿತು. ಕೆಂಪು ಕೂದಲಿನ ಹುಡುಗ. "ಅಲ್ಲ, ನಾನು ಬಾರ್ನಬಿ. ಕಾಲು ಕಡೀತಾ ಇತ್ತು."

ಸಭಾಂಗಣ ಹೋ ಎಂದಿತು. ಲಯನೆಲ್ ಕೂಡ ನಕ್ಕ. ಕಥೆಯಲ್ಲಿ ಮೊದಲನೆಯದು ತಪ್ಪಲೇಬೇಕು.

ಕೊನೆಯ ಸಾಲಿನಲ್ಲಿ ಒಬ್ಬಳು ಉಗುರು ಕಚ್ಚಲು ಮುಖವಾಡದೊಳಗೆ ಬೆರಳು ತೂರಿಸುತ್ತಿದ್ದಳು. ಅವನು ಅವಳ ಭುಜ ಮುಟ್ಟಿದ.

"ಅಯ್ಯೋ, ಅವಳಲ್ಲ ನಾನು!" ಎಂದಿತು ಹಲ್ಲು ಬಿದ್ದ ಬಾಯಿ. "ಹೋಗ್ಲಿ, ಒಂದು ಸಹಿ ಹಾಕ್ಕೊಡಿ."

ಹೆಸರು ಕೇಳಿ ಸಹಿ ಹಾಕಿಕೊಟ್ಟ. ಕೈಗೆ ಅಭ್ಯಾಸವಾಗಿತ್ತು.

"ಇನ್ನೊಂದೇ! ಇನ್ನೊಂದೇ!" ಎಂದು ಗೂಬೆಗಳು ಕೂಗಿದವು.

ಆಗ ಅವನಿಗೆ ಭಯವಾಯಿತು. ಮಗಳ ಮುಖ ನೆನಪಿಸಿಕೊಳ್ಳಲು ನೋಡಿದ. ಬಂದದ್ದು ಮೂರನೆಯ ಪುಸ್ತಕದ ಮುಖಪುಟದ ಹುಡುಗಿ. ಇನ್ನೊಮ್ಮೆ ಕಣ್ಣು ಮುಚ್ಚಿದ. ಮತ್ತೆ ಅವಳೇ.

ಚಿಂತೆಯಿಲ್ಲ. ಕೊನೆಯ ಗುಟ್ಟು ಅವನ ಕೈಯಲ್ಲೇ ಇತ್ತು. ವೇದಿಕೆ ಹತ್ತಿದ, ಗಂಟಲು ಸರಿಮಾಡಿಕೊಂಡ. ಸಾವಿರಾರು ಜನರೆದುರು ಓದಿ ಪಳಗಿದ ದನಿ ಅದು.

"ಟ್ಯಾಬಿತಾ," ಎಂದು ಕರೆದ.

ಗದ್ದಲ ನಿಂತಿತು. ಬಾಗಿಲ ಬಳಿ ರೋವೆನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಎಲ್ಲರೂ ಪುಸ್ತಕ ಓದಿದ್ದರು. ತೊಂಬತ್ತು ಗೂಬೆಗಳೂ, ಒಂದೂ ತಪ್ಪದೆ, ಒಟ್ಟಿಗೆ ತಲೆ ತಗ್ಗಿಸಿದವು.