ಏರುತಿರುವಿನ ನಳಿಗೆ

ಅಣ್ಣ ತಮ್ಮ ಇಬ್ಬರೂ ರೈಫಲ್ಲಿನ ನಳಿಗೆ ಮಾಡುವವರು. ಶೂಟಿಂಗ್ ಕ್ಲಬ್ಬಿನವರೆಲ್ಲ ಒಬ್ಬನನ್ನು ದೊಡ್ಡ ಮೇಸ್ತ್ರಿ, ಇನ್ನೊಬ್ಬನನ್ನು ಚಿಕ್ಕ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷಗಳಿಂದ ಇಬ್ಬರ ನಡುವೆ ಮಾತಿರಲಿಲ್ಲ.

ಜಗಳ ಆಸ್ತಿಗೂ ಅಲ್ಲ, ಹೆಂಡಿರ ಮಾತಿಗೂ ಅಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಸಣ್ಣ ಕಾಲುವೆಗಳನ್ನು ಕೊರೆದಿರುತ್ತಾರೆ. ಗುಂಡು ಅವುಗಳಲ್ಲಿ ಗಿರಗಿರನೆ ತಿರುಗುತ್ತ ಹೊರಬಿದ್ದರೇ ನೆಟ್ಟಗೆ ಹೋಗುವುದು. ಗುಂಡು ಭಾರವಾಗಿ ಉದ್ದವಾದಷ್ಟೂ ತಿರುವು ಬಿಗಿಯಾಗಿರಬೇಕು. ಇಷ್ಟರವರೆಗೆ ಇಬ್ಬರದೂ ಒಂದೇ ಮಾತು. ಆ ತಿರುವು ಹಿಂದಿನಿಂದ ಮುಂದಿನವರೆಗೆ ಒಂದೇ ಸಮ ಇರಬೇಕು ಎಂದು ಅಣ್ಣ. ಸಡಿಲವಾಗಿ ಶುರುವಾಗಿ, ನಳಿಗೆಯ ಬಾಯಿಗೆ ಬರುತ್ತ ಬರುತ್ತ ಬಿಗಿಯಾಗಬೇಕು ಎಂದು ತಮ್ಮ. ಅದಕ್ಕೆ ಅವನು ಏರುತಿರುವು ಎಂದು ಹೆಸರಿಟ್ಟಿದ್ದ.

"ಭಾರದ ಗುಂಡನ್ನ ಒಂದೇ ಏಟಿಗೆ ತಿರುಗಿಸಿದ್ರೆ ಅದರ ತಾಮ್ರದ ಹೊದಿಕೆ ಹರಿಯುತ್ತೆ ಅಣ್ಣಾ. ಮೆಲ್ಲಗೆ ಮಾತಾಡಿಸಿ ತಿರುಗಿಸ್ಬೇಕು."

"ಗುಂಡೇನು ನಿನಗೆ ಹೆಣ್ಣು ಕೊಟ್ಟ ಮಾವನೇನೋ, ಮಾತಾಡಿಸಿ ಉಪಚಾರ ಮಾಡೋಕೆ? ತಿರುವು ಬದಲಾಗ್ತಾ ಹೋದ್ರೆ ದಾರಿಯುದ್ದಕ್ಕೂ ಅದರ ಮೈ ಗೀರಿದ ಹಾಗೆ."

ಹೀಗೆ ನಗುನಗುತ್ತಲೇ ಎರಡು ವರ್ಷ ನಡೆದ ವಾದ, ಒಂದು ದಿನ ಗಿರಾಕಿಯೊಬ್ಬನ ಎದುರು ಹದ ತಪ್ಪಿತು. "ಇವನಿಗೆ ಕೈಕೆಲಸಕ್ಕಿಂತ ಬಾಯಿಕೆಲಸ ಜಾಸ್ತಿ" ಎಂದುಬಿಟ್ಟ ಅಣ್ಣ. ತಮ್ಮ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಟ. ಸೇತುವೆಯ ಆಚೆ ಒಂದು ಹಳೆಯ ಗೋದಾಮಿನಲ್ಲಿ ತನ್ನದೇ ಕಾರ್ಖಾನೆ ಹಾಕಿದ. ಅತ್ತಿಗೆ ಎರಡು ಸಲ ಬಂದು ಕರೆದಳು. "ಅವನೇ ಬಂದು ಕರೀಲಿ" ಎಂದ. ಅಣ್ಣ ಬರಲಿಲ್ಲ.

ಕೊನೆಗೆ, ಹನ್ನೊಂದು ವರ್ಷದ ಮೇಲೆ, ಬಂದವಳು ಅಣ್ಣನ ಮಗಳು. ಅವಳು ಹಲ್ಲಿನ ಡಾಕ್ಟರು. ವಾರವಿಡೀ ಜನರ ಬಾಯೊಳಗೆ ಕೂದಲೆಳೆಯ ಲೆಕ್ಕದಲ್ಲಿ ಕೊರೆದು, ಭಾನುವಾರ ಸಾವಿರ ಮೀಟರಿನ ಗುರಿಗೆ ಹೊಡೆಯುವವಳು. ಕಾರ್ಖಾನೆಯ ಬಾಗಿಲಲ್ಲಿ ನಿಂತು ಪೀಠಿಕೆಯಿಲ್ಲದೆ ಹೇಳಿದಳು.

"ಚಿಕ್ಕಪ್ಪಾ, ನನಗೆ ಒಂದು ನಳಿಗೆ ಬೇಕು. ಈ ಸಲ ಭಾರದ ಗುಂಡು ಹೊಡೀತೀನಿ. ಏರುತಿರುವಿಂದೇ ಮಾಡಿಕೊಡಿ."

ಅವನಿಗೆ ಒಳಗೊಳಗೇ ಹಿಗ್ಗು. ಆದರೂ ಮುಖ ಗಂಟು ಹಾಕಿಕೊಂಡ. "ನಿಮ್ಮಪ್ಪ ಏನಂದ?"

"ಅಪ್ಪನ ಹತ್ರಾನೂ ಒಂದು ಮಾಡಿಸ್ತಿದೀನಿ. ಸಮತಿರುವಿಂದು. ಒಂದೇ ಉಕ್ಕು, ಒಂದೇ ಉದ್ದ, ಬಾಯಲ್ಲಿ ಒಂದೇ ಬಿಗಿ. ಎರಡನ್ನೂ ಹೊಡೆದು ನೋಡ್ತೀನಿ. ಹನ್ನೊಂದು ವರ್ಷದಿಂದ ಎರಡು ಮನೇಲೂ ಇದೇ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಒಂದು ಸಲ ತೀರ್ಮಾನ ಆಗ್ಲಿ."

ಆ ನಳಿಗೆಗೆ ತಮ್ಮ ಐದು ವಾರ ತೆಗೆದುಕೊಂಡ. ಕಾಲುವೆ ಕೊರೆಯುವ ಉಳಿ ಒಂದು ಎಳೆತಕ್ಕೆ ಧೂಳಿನಷ್ಟೇ ಉಕ್ಕು ತೆಗೆಯುತ್ತದೆ. ನೂರಾರು ಸಲ ಎಳೆಯಬೇಕು. ಕೊರೆದಾದ ಮೇಲೆ, ಕಾಸಿದ ಸೀಸವನ್ನು ನಳಿಗೆಯೊಳಗೇ ಸುರಿದು ಅಚ್ಚು ಮಾಡಿ, ಅದಕ್ಕೆ ಎಣ್ಣೆ ಮತ್ತು ಉಜ್ಜುಪುಡಿ ಸವರಿ, ಸರಳಿನ ತುದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ಅದು ಪೂರ್ತಿ ಕೈಯ ಕೆಲಸ. ಎಲ್ಲಿ ಬಿಗಿ, ಎಲ್ಲಿ ಸಡಿಲು ಎಂದು ಅಂಗೈಗೇ ತಿಳಿಯಬೇಕು. ಹದಿನಾರರ ವಯಸ್ಸಿನಲ್ಲಿ ಅವನ ಕೈಯ ಮೇಲೆ ತನ್ನ ಕೈಯಿಟ್ಟು ಅದನ್ನು ಕಲಿಸಿದವನು ಅಣ್ಣ.

ಬಂದೂಕು ಕೂಡಿಸುವ ಮುದುಕನೊಬ್ಬ ಎರಡು ನಳಿಗೆಗಳನ್ನೂ ಒಂದೇ ತರಹದ ರೈಫಲ್ಲುಗಳಿಗೆ ಕೂರಿಸಿ, ಒಂದಕ್ಕೆ ಕರಿ ಪಟ್ಟಿ, ಇನ್ನೊಂದಕ್ಕೆ ಬಿಳಿ ಪಟ್ಟಿ ಸುತ್ತಿದ. ಯಾವುದು ಯಾರದು ಎಂಬುದು ಅವನೊಬ್ಬನಿಗೇ ಗೊತ್ತು.

ಪರೀಕ್ಷೆಯ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಮೈದಾನದ ಬಾವುಟಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಅಣ್ಣ ಆಗಲೇ ಬಂದು ಬೆಂಚಿನ ಒಂದು ತುದಿಯಲ್ಲಿ ಕುಳಿತಿದ್ದ. ತಮ್ಮ ಇನ್ನೊಂದು ತುದಿಗೆ ಕುಳಿತ. ಅಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆ ಬಿಸಿಲಿನಲ್ಲೂ ಎರಡು ಕೈಗಳನ್ನೂ ಕೋಟಿನ ಜೇಬಿನಲ್ಲಿ ತುರುಕಿಕೊಂಡಿದ್ದ. ಸೊಕ್ಕು ನೋಡು, ಎಂದುಕೊಂಡ ತಮ್ಮ.

ಹುಡುಗಿ ಬೋರಲು ಮಲಗಿ, ಕೆನ್ನೆಯನ್ನು ರೈಫಲ್ಲಿನ ಮರದ ಹಿಡಿಗೊತ್ತಿ, ಎರಡು ರೈಫಲ್ಲುಗಳನ್ನೂ ಬದಲಿಸುತ್ತ ಹೊಡೆದಳು. ಮೊದಲು ಸಾಧಾರಣ ತೂಕದ ಗುಂಡು. ದುರ್ಬೀನಿನಲ್ಲಿ ನೋಡಿ ಮುದುಕ ಕೂಗುತ್ತಿದ್ದ. ಕರಿ ಒಂದು ಸಲ ಮುಂದು, ಬಿಳಿ ಒಂದು ಸಲ ಮುಂದು. ಇಪ್ಪತ್ತು ಗುಂಡಾದ ಮೇಲೆ ಎರಡಕ್ಕೂ ಒಂದು ಉಗುರಿನಷ್ಟೂ ವ್ಯತ್ಯಾಸವಿರಲಿಲ್ಲ.

"ಈಗ ಭಾರದ್ದು" ಎಂದಳು.

ಬಿಳಿ ಪಟ್ಟಿಯದು ಐದಕ್ಕೆ ಐದನ್ನೂ ಒಂದು ತಟ್ಟೆಯಗಲದಲ್ಲಿ ಕೂರಿಸಿತು. ಕರಿಯದು ಮೊದಲ ಎರಡನ್ನು ಚೆನ್ನಾಗಿಯೇ ಕಳಿಸಿತು. ಮೂರನೆಯದು ಗುರಿ ಮುಟ್ಟಲಿಲ್ಲ. ಅರ್ಧ ದಾರಿಯಲ್ಲಿ ಬೂದುಬಣ್ಣದ ಒಂದು ಚಿಕ್ಕ ಹೊಗೆ ಕಾಣಿಸಿ ಮಾಯವಾಯಿತು. ನಾಲ್ಕನೆಯದು ಮುಟ್ಟಿತು. ಐದನೆಯದು ಮತ್ತೆ ಹೊಗೆ.

"ಹೊದಿಕೆ ಹರಿದು ಗುಂಡು ಗಾಳೀಲೇ ಚೂರಾಯ್ತು" ಎಂದ ಮುದುಕ. ಆಮೇಲೆ, "ಕರಿ ಪಟ್ಟಿ ದೊಡ್ಡ ಮೇಸ್ತ್ರೀದು" ಎಂದ.

ತಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಎಷ್ಟು ಸಲ ಒಬ್ಬನೇ ಕೂತು ಈ ಗಳಿಗೆಗೆ ತಕ್ಕ ಮಾತನ್ನು ಹೊಂದಿಸಿಟ್ಟುಕೊಂಡಿದ್ದನೋ! ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಎದ್ದು ನಿಂತ.

"ಸರಿ. ನೀನೇ ಗೆದ್ದೆ" ಎಂದ, ಹನ್ನೊಂದು ವರ್ಷಗಳ ಮೇಲೆ ಮೊದಲ ಮಾತಾಗಿ. ಮೆಲ್ಲಗೆ ಕಾರಿನ ಕಡೆ ನಡೆದ.

ಗೆದ್ದ ಸುಖ ಅಲ್ಲಿಯೇ ಅರ್ಧ ಇಳಿದುಹೋಯಿತು. ಏನಾದರೂ ಮಾಡಬೇಕಲ್ಲ ಎಂದು ತಮ್ಮ ಕರಿ ಪಟ್ಟಿಯ ರೈಫಲ್ಲನ್ನು ತೆಗೆದುಕೊಂಡು ಶುಚಿ ಮಾಡಲು ಕುಳಿತ. ಸರಳಿಗೆ ಬಟ್ಟೆಯ ತುಂಡು ಸಿಕ್ಕಿಸಿ ಒಳಗೆ ತಳ್ಳಿದ. ಸರಾಗವಾಗಿ ಹೋಗುತ್ತಿದ್ದುದು ನಡುವೆ ಒಂದು ಕಡೆ ಕಚ್ಚಿ ಹಿಡಿಯಿತು. ಹಿಂದಕ್ಕೆಳೆದ. ಮತ್ತೆ ಅಲ್ಲೇ ಹಿಡಿಯಿತು. ನಾಲ್ಕು ಬೆರಳಗಲದಷ್ಟು ಜಾಗ ಸರಿಯಾಗಿ ಉಜ್ಜಿರಲಿಲ್ಲ. ಆ ಒರಟಿಗೆ ಸಿಕ್ಕಿಯೇ ತಾಮ್ರ ಹರಿದದ್ದು. ತಿರುವಿನದೇ ತಪ್ಪು ಎನ್ನುವಂತಿರಲಿಲ್ಲ.

ಅಣ್ಣ ಅಂಥದ್ದನ್ನು ಕೈಯಿಂದ ಆಚೆ ಬಿಡುವವನೇ ಅಲ್ಲ. ಒಮ್ಮೆ ಇದರ ಕಾಲು ಭಾಗ ಒರಟಿದ್ದ ನಳಿಗೆಯನ್ನು ತಮ್ಮನ ಕಣ್ಣೆದುರೇ ಗುಜರಿಗೆ ಎಸೆದಿದ್ದ.

ತಮ್ಮ ತಲೆಯೆತ್ತಿದ. ಹುಡುಗಿ ಅವನ ಕೈಯನ್ನೇ ನೋಡುತ್ತಿದ್ದಳು.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದ, ಮುದುಕನಿಗೆ ಕೇಳಿಸದಂತೆ.

"ಎರಡು ವರ್ಷ ಆಯ್ತು ಚಿಕ್ಕಪ್ಪಾ. ಎರಡು ಕೈಯೂ ನಡುಗುತ್ತೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾರೆ. ಅಮ್ಮ ಲೋಟದಲ್ಲಿ ಅರ್ಧ ಮಾತ್ರ ಟೀ ಹಾಕಿಕೊಡ್ತಾಳೆ." ಅವಳ ಕಣ್ಣು ತುಂಬಿತು. "ನಳಿಗೆ ಹೀಗಾಗಿದೆ ಅಂತ ನನಗೆ ಗೊತ್ತಿರ್ಲಿಲ್ಲ. ಅಪ್ಪ ಕಾರ್ಖಾನೆ ಸಾಮಾನು ಎತ್ತಿಟ್ಟು ಬೀಗ ಹಾಕೋ ಮುಂಚೆ ನಿಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸ್ಬೇಕು ಅಂತಿದ್ದೆ, ಅಷ್ಟೇ."



ಮಾರನೆಯ ಬೆಳಿಗ್ಗೆ, ತಮ್ಮ ಮುದುಕನಿಂದ ನಳಿಗೆಯನ್ನು ಬಿಚ್ಚಿಸಿಕೊಂಡು, ಅಣ್ಣನ ಮನೆಗೆ ಅಂಟಿದ ಹಳೆಯ ಕಾರ್ಖಾನೆಗೆ ಹೋದ. ಅತ್ತಿಗೆ ಬಾಗಿಲು ತೆಗೆದು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ದಾರಿ ಬಿಟ್ಟಳು. ಅಣ್ಣ ಉಳಿಗಳನ್ನು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಸುತ್ತುತ್ತಿದ್ದ. ಇವನನ್ನು ಕಂಡೊಡನೆ ಕೈಗಳನ್ನು ಜೇಬಿಗೆ ಹಾಕಿದ.

"ನಿನ್ನೆ ನಾನು ಗೆದ್ದಿಲ್ಲ ಅಣ್ಣಾ" ಎಂದ ತಮ್ಮ. "ನಡುವೆ ನಾಲ್ಕು ಬೆರಳು ಉಜ್ಜು ಸಾಲದು. ಅದನ್ನಿಟ್ಟುಕೊಂಡು ಏರುತಿರುವೇ ಮೇಲು ಅಂದ್ರೆ ನನಗೇ ನಾಚಿಕೆ. ಸೀಸ ಎಲ್ಲಿದೆ?"

ಅಣ್ಣ ಗೋಡೆ ನೋಡಿದ. "ಗೊತ್ತಾಯ್ತಾ?"

"ಗೊತ್ತಾಗದೇ ಏನು? ಕಲಿಸಿದವನು ನೀನು."

"ನಿಂತ್ಕೊಂಡೂ ಉಜ್ಜಿದೆ ಕಣೋ, ಕೂತ್ಕೊಂಡೂ ಉಜ್ಜಿದೆ. ಮೊಣಕೈ ಕಟ್ಟಿಕೊಂಡೂ ಉಜ್ಜಿದೆ. ಕೈ ಮಾತು ಕೇಳಲಿಲ್ಲ." ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದ. "ಬಾಯಿಕೆಲಸ ಅಂತ ನಿನಗೆ ಅಂದವನಿಗೆ ದೇವರು ಕೈಯನ್ನೇ ಕಿತ್ಕೊಂಡ ನೋಡು."

"ದೇವರಿಗೆ ಬೇರೆ ಕೆಲಸ ಇಲ್ವಾ? ಸುಮ್ಮನಿರು. ಸೀಸ ಕಾಸು."

ತಮ್ಮ ಸೀಸ ಸುರಿದು ಅಚ್ಚು ತೆಗೆದ. ಸರಳನ್ನು ಹಿಡಿದು ಉಜ್ಜತೊಡಗಿದ. ಅಣ್ಣ ದೂರ ನಿಂತು ನೋಡುತ್ತಿದ್ದವನು ಒಂದೊಂದೇ ಹೆಜ್ಜೆ ಹತ್ತಿರ ಬಂದ. ಕೊನೆಗೆ ಜೇಬಿನಿಂದ ಕೈ ತೆಗೆದು ನಳಿಗೆಯ ಮೇಲಿಟ್ಟ. ಕೈ ನಡುಗುತ್ತಲೇ ಇತ್ತು, ಆದರೆ ಅಂಗೈ ಏನೂ ಮರೆತಿರಲಿಲ್ಲ.

"ಅಲ್ಲೇ. ಅಲ್ಲಿ ಇನ್ನೂ ಹತ್ತು ಸಲ ಉಜ್ಜು. ಅವಸರ ಮಾಡ್ಬೇಡ. ಹಾಂ, ಈಗ ಬಿಟ್ಟಿತು. ಇನ್ನು ನಾಲ್ಕು ಸಾಕು... ಸಾಕು ಅಂದೆನಲ್ಲೋ!"

ಮಧ್ಯಾಹ್ನದವರೆಗೆ ಉಜ್ಜಿದರು. ಊಟಕ್ಕೆ ಅತ್ತಿಗೆ ಮೂರು ಸಲ ಕರೆಯಬೇಕಾಯಿತು.

ಮುಂದಿನ ಭಾನುವಾರ ಹುಡುಗಿ ಮತ್ತೆ ಹೊಡೆದಳು. ಈ ಸಲ ಒಂದು ಗುಂಡೂ ಒಡೆಯಲಿಲ್ಲ. ಅತಿ ಭಾರದ ಗುಂಡಿಗೆ ಏರುತಿರುವಿನದು ಕೂದಲೆಳೆಯಷ್ಟು ಮುಂದಿತ್ತು. ಆ ಕೂದಲೆಳೆ ತಿರುವಿನದೋ, ಗಾಳಿಯದೋ, ಹೊಡೆದವಳ ಉಸಿರಿನದೋ ಎಂದು ಹೇಳಲು ಇನ್ನು ನೂರು ಗುಂಡಾದರೂ ಬೇಕು ಎಂದ ಮುದುಕ.

"ಲಾಭ ಇದೆ" ಎಂದ ತಮ್ಮ. "ಆದ್ರೆ ನಾನು ಹೇಳ್ಕೊಂಡು ತಿರುಗಿದಷ್ಟು ಇಲ್ಲ."

"ಇರಬಹುದು" ಎಂದ ಅಣ್ಣ. ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಮಗಳ ಕಡೆ ತಿರುಗಿ, "ಪಂದ್ಯಕ್ಕೆ ಅವನದ್ದೇ ಹಾಕ್ಸಮ್ಮ. ನಿನ್ನ ಗುಂಡು ಭಾರದ್ದು" ಎಂದ.

ಪಂದ್ಯದಲ್ಲಿ ಅವಳು ನಾಲ್ಕನೆಯವಳಾಗಿ ಬಂದಳು. ಆ ತಿಂಗಳ ಕೊನೆಗೆ ಅಣ್ಣನ ಕಾರ್ಖಾನೆಗೆ ಬೀಗ ಬಿತ್ತು. ಅವನ ಯಂತ್ರ ಸೇತುವೆಯ ಆಚೆ ತಮ್ಮನ ಗೋದಾಮಿಗೆ ಹೋಯಿತು. ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಅಣ್ಣನ ಮನೆ ಮುಂದೆ ಕಾರು ತಂದು ನಿಲ್ಲಿಸುತ್ತಾನೆ. ಅಣ್ಣ ಗೋದಾಮಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಉಜ್ಜುವ ಪ್ರತಿಯೊಂದು ನಳಿಗೆಯ ಮೇಲೂ ಅಂಗೈ ಇಟ್ಟು, ಸರಿಯೋ ಅಲ್ಲವೋ ಹೇಳುತ್ತಾನೆ. ಅವನು ಅಲ್ಲ ಎಂದರೆ ತಮ್ಮ ಎದುರಾಡದೆ ಮತ್ತೆ ಸೀಸ ಕಾಸುತ್ತಾನೆ.