ಹುಳುಮುಕ್ತ ರೇವಣಸಿದ್ದ

ನಮ್ಮಣ್ಣ ರೇವಣಸಿದ್ದ ಹಂದಿ ಮಾಂಸ ಮುಟ್ಟಿದವನೇ ಅಲ್ಲ. ಆದರೂ ಅವನ ಮಿದುಳಿನಲ್ಲಿ ಹಂದಿಯ ಲಾಡಿಹುಳು ಗೂಡು ಕಟ್ಟಿತ್ತು. ಮಹದೇವಪುರದ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ತರಕಾರಿ ತೊಳೆಯುತ್ತಿದ್ದಾಗ ಫಿಟ್ಸ್ ಬಂದು ಕೊತ್ತಂಬರಿ ರಾಶಿಯ ಮೇಲೆ ಬಿದ್ದ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು, ಮತ್ತೆ ಸ್ಕ್ಯಾನ್ ಮಾಡಿದರು, ಹುಳು ಸತ್ತಿದೆ, ಕೆಲಸಕ್ಕೆ ಹೋಗಬಹುದು ಎಂದು ಚೀಟಿ ಬರೆದರು.

ಆ ಚೀಟಿಯನ್ನು ಗೇಟಿನ ಸೆಕ್ಯುರಿಟಿ ನಲ್ಲಪ್ಪ ಮೂಸಿಯೂ ನೋಡಲಿಲ್ಲ.

"ಇದು ಸ್ಕ್ಯಾನ್ ಆಗಾಕಿಲ್ಲ ಕಣೋ. ಈಗ ಕ್ಯಾಂಪಸ್ಸು ಹುಳುಮುಕ್ತ. ಈ ಗೇಟಿನ ಮಿಸನ್ನು ಹಸ್ರು ಲೈಟ್ ಕೊಟ್ರೆ ಮಾತ್ರ ಒಳಿಕ್ಕೆ."

"ಡಾಕ್ಟರ್ ಸಹಿ ಐತಲ್ರೀ," ಎಂದೆ.

"ಡಾಕ್ಟ್ರೇನು ಮಿಸನ್ನಾ?"

ಸೋಮವಾರ ಬಾರದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದು ಕ್ಯಾಂಟೀನಿನ ಕಂಟ್ರಾಕ್ಟರ್ ಆಗಲೇ ಹೇಳಿದ್ದ.

ಈ ನಲ್ಲಪ್ಪನೇ ನಮ್ಮ ತಗಡಿನ ರೂಮಿನ ಓನರು. ಟೆಕ್ ಪಾರ್ಕ್ ನಿಂತಿರುವುದು ಅವನಪ್ಪನ ರಾಗಿ ಹೊಲದ ಮೇಲೆ. ಈಗ ಅಲ್ಲೇ ಕಾರುಗಳಿಗೆ ಸಲ್ಯೂಟ್ ಹೊಡೆಯುತ್ತಾನೆ. ಅವನಿಗೊಂದು ಹೆಣ್ಣು ಹಂದಿ ಇದೆ. ಭಾನುವಾರ ನಮ್ಮ ಬೀದಿಗೆ ಬಿಳಿ ವ್ಯಾನ್ ಬಂದಾಗ, ಕಾರ್ಪೊರೇಷನ್ನಿನವರು ಹಂದಿ ಹಿಡಿಯಲು ಬಂದರೆಂದು ಹೆದರಿ ಅದನ್ನು ನಮ್ಮ ರೂಮಿಗೆ ನೂಕಿದ. ಅಣ್ಣ ಪಾಪ ಎಂದು ಅದಕ್ಕೆ ತನ್ನ ಕಂಬಳಿ ಹೊದಿಸಿದ.

ಬಂದವರು ಪಶುವೈದ್ಯೆ ಲಾವಣ್ಯ. ಟೆಕ್ ಪಾರ್ಕಿನವರೇ ಕಳಿಸಿದ್ದು, ಹಂದಿಗಳಿಗೆ ಲಾಡಿಹುಳುವಿನ ಲಸಿಕೆ ಹಾಕಲು. ಕಂಬಳಿ ಗುರುಗುಟ್ಟಿತು.

"ಇದು ಯಾರ್ದು?"

"ನಂದಲ್ಲ," ಎಂದ ನಲ್ಲಪ್ಪ. "ಅವ್ರ ರೂಮ್ನಾಗೈತೆ, ಅವ್ರದೇ."

ಲಾವಣ್ಯ ಸೂಜಿ ಚುಚ್ಚಿ, ಹುಳುವಿನ ಔಷಧಿ ಕುಡಿಸಿ, ಹಂದಿಯ ಕಿವಿಗೆ ಹಳದಿ ಬಿಲ್ಲೆ ಹೊಡೆದು, ಅಣ್ಣನ ಹೆಸರು ಬರೆದುಕೊಂಡರು.

"ಮಂದಿಗೆ ಮಾತ್ರಿ ಇಲ್ಲೇನ್ರೀ?" ಎಂದೆ.

"ಅದು ಹೆಲ್ತ್ ಡಿಪಾರ್ಟ್‌ಮೆಂಟ್‌ನವರು ಕೊಡ್ಬೇಕು. ನೀವು ಬಯಲಲ್ಲಿ ಕೂರ್ಬೇಡಿ. ಮನುಷ್ಯರಿಂದಾನೇ ಹುಳುವಿನ ಮೊಟ್ಟೆ ಹಂದಿಗೆ ಹೋಗೋದು. ಹಂದಿ ತಿನ್ದೆ ಇದ್ರೂ ಆ ಮೊಟ್ಟೆ ಬಾಯಿಗೆ ಹೋದ್ರೆ ಸಾಕು, ತಲೆಗೆ ಏರತ್ತೆ."

"ಇಡೀ ಓಣಿಗೆ ಒಂದ ಕಕ್ಕಸ ಐತ್ರೀ ಮೇಡಂ, ಅದಕ್ಕೂ ಬೀಗ. ಇನ್ನೊಂದು ಕಟ್ಟಿಸ್ರಿ, ಯಾಕ ಬಯಲಿಗೆ ಹೋಗ್ತೀವಿ?"

"ಅದು ಬೇರೆ ಪ್ರಾಜೆಕ್ಟು."

ನಲ್ಲಪ್ಪ ಆಕಾಶ ನೋಡಿದ. ಬೀಗದ ಕೈ ಅವನ ಸೊಂಟದಲ್ಲೇ ನೇತಾಡುತ್ತಿತ್ತು.

ಹೋಗುವಾಗ ಲಾವಣ್ಯ ಅಣ್ಣನ ಕೈಗೊಂದು ಕಾರ್ಡ್ ಇಟ್ಟರು. 'ರೇವಣಸಿದ್ದ. ಲಸಿಕೆ ಆಗಿದೆ. ಹುಳುಮುಕ್ತ.' ಕಿವಿಯ ಬಿಲ್ಲೆಯ ನಂಬರೇ ಅದರಲ್ಲೂ ಇತ್ತು, ಹಂದಿ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಲಸಿಕೆಯ ಲೆಕ್ಕಕ್ಕೂ ಗೇಟಿನ ಮಿಷನ್ನಿಗೂ ಕಂಪ್ಯೂಟರ್ ಒಂದೇ.

ಸೋಮವಾರ ಅಣ್ಣ ತಲೆಗೆ ಎಣ್ಣೆ ಹಚ್ಚಿ ಬಾಚಿ, ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಹೊರಟ. ಹಂದಿಯ ಕಾರ್ಡಿನಲ್ಲಿ ಅಣ್ಣ ಒಳಹೋಗಬೇಕಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಸ್ಪತ್ರೆಯ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ನಾನೂ ಹೋದೆ. ಮಿಷನ್ನಿಗೆ ಕಾರ್ಡ್ ಹಿಡಿದರೆ ಕೆಂಪು ಲೈಟು. 'ರೇವಣಸಿದ್ದ ಈಗಾಗಲೇ ಒಳಗಿದ್ದಾರೆ.'

"ಇಲ್ಲೇ ನಿಂತಾನಲ್ರೀ ರೇವಣಸಿದ್ದ," ಎಂದೆ.

"ಬೆಳಿಗ್ಗೇನೇ ಬಂತು," ಎಂದ ನಲ್ಲಪ್ಪ. "ನನ್ನ ಹಿಂದಿಂದೇ ಬಂತು. ಕಿವೀಲಿರೋ ಬಿಲ್ಲೆಗೆ ಹಸ್ರು ಲೈಟ್ ಬಿತ್ತು, ಗೇಟ್ ತೆಗೀತು. ಹಸ್ರು ಬಂದ್ಮ್ಯಾಕೆ ತಡ್ಯಾಕೆ ನಾನ್ಯಾವನು?"

ಗ್ರಿಲ್ಲಿನ ಆಚೆ, ಕ್ಯಾಂಟೀನಿನ ಹಿಂದೆ ಹಂದಿ ಎಲೆಕೋಸಿನ ಸಿಪ್ಪೆ ಮೇಯುತ್ತಿತ್ತು. ಪಕ್ಕದಲ್ಲೇ ಕಂಟ್ರಾಕ್ಟರ್ ಫೋನ್ ನೋಡುತ್ತ ನಿಂತಿದ್ದ. ನಾನು ಗೇಟ್ ಒದ್ದು ಅವನನ್ನು ಕೂಗಿದೆ, ಚೀಟಿ ಬೀಸಿದೆ, ನಮ್ಮಣ್ಣ ಹೊರಗಿದ್ದಾನೆ ಎಂದೆ. ಅವನು ತಲೆ ಎತ್ತಲಿಲ್ಲ.

"ಹಾಜರಿ ಬಿದ್ದಿದೆಯಲ್ಲಯ್ಯಾ. ಇನ್ನೇನು ನಿಂದು?"

"ಇರಲಾ, ಬಾಯಿ ಮಾಡ್ಬ್ಯಾಡ," ಎಂದು ನಲ್ಲಪ್ಪ ನನ್ನ ರಟ್ಟೆ ಹಿಡಿದ. "ಸಾಯಂಕಾಲ ಅದು ಮನೇಗ್ ಬತ್ತದೆ. ಆಗ ನಿಮ್ಮಣ್ಣ ಒಳಿಕ್ಕೋಗ್ಲಿ. ಎಲ್ಡ್ನೇ ಸಿಫ್ಟು."

ಹಾಗೆಯೇ ಆಯಿತು. ಸಂಜೆ ಹಂದಿ ಹೊರಬಂತು, ಹಸಿರು. ಅಣ್ಣ ಒಳಹೋದ, ಹಸಿರು. ಅಂತೂ ಕೆಲಸ ಉಳಿಯಿತು. ನಾನು ಇನ್ನೂ ಆ ಮಿಷನ್ನಿನ ವಂಶವನ್ನೆಲ್ಲ ಬೈಯುತ್ತಲೇ ಇದ್ದೆ. ಅಣ್ಣ ಗ್ರಿಲ್ಲಿನ ಆಚೆ ನಿಂತು, ಹೊಟ್ಟೆ ಎಳೆದುಕೊಂಡು ಹೋಗುತ್ತಿದ್ದ ಹಂದಿಯನ್ನೇ ನೋಡಿದ.

"ಸುಮ್ನಿರೋ ಯಮನೂರ," ಎಂದ. "ಮೊದಲ ಅದಕ್ಕ ನೀರ ಕುಡಸು ಹೋಗು. ದಿನಾಪೂರ್ತಿ ದುಡದೈತಿ."