ಐವತ್ತೆರಡು ಹಲ್ಲಿನ ಧರ್ಮಪ್ಪನವರು

ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಅಲ್ಲಿ ನಿಂತ ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಅದರ ಹಲ್ಲು ಎಣಿಸುವುದು ಹೊಸಮನೆ ಬಡಾವಣೆಯ ಧರ್ಮಪ್ಪನವರ ರೂಢಿ. ಮುಂದಿನ ಚೈನ್‌ವೀಲಿಗೆ ಎಷ್ಟು, ಹಿಂದಿನ ಫ್ರೀವೀಲಿಗೆ ಎಷ್ಟು ಎಂಬುದು ಖಾಕಿ ಅಂಗಿಯ ಜೇಬಿನ ಪುಸ್ತಕಕ್ಕೆ ಸೇರಿದ ಮೇಲೆಯೇ ಕ್ಷೇಮಸಮಾಚಾರ. ತಂಗಿಗೆ ಗಂಡು ನೋಡಿ ಬಂದ ದಿನ ಹುಡುಗನ ಸ್ವಭಾವ ಹೇಗೆಂದು ಮನೆಯವರು ಕೇಳಿದರೆ, ಅವನ ಸೈಕಲ್ಲಿಗೆ ನಲವತ್ತೆಂಟು ಹಲ್ಲು ಎಂದಷ್ಟೇ ಹೇಳಿದರಂತೆ.

ಬಾಲ್ಯದ ಜ್ವರವೊಂದು ಅವರ ಎಡಗಾಲನ್ನು ಸೊರಗಿಸಿತ್ತು. ಒಂದು ಹೆಜ್ಜೆ ದೃಢವಾಗಿ, ಇನ್ನೊಂದು ಅನುಮಾನದಿಂದ ಎನ್ನುವಂತಹ ನಡಿಗೆ. ಎತ್ತರದ ಸೈಕಲ್ ಹತ್ತುವುದಂತೂ ಕನಸಿನ ಮಾತು. ತೊಂಬತ್ತಮೂರರಲ್ಲಿ, ವರ್ಗವಾಗಿ ಹೊರಟಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರಿಂದ ಇಪ್ಪತ್ತು ಇಂಚಿನ ಪುಟ್ಟ ಚಕ್ರಗಳ, ನಡುವೆ ಮಡಚುವ ಸೈಕಲ್ಲೊಂದು ಅವರ ಕೈಗೆ ಬಂದಾಗ, ನಲವತ್ತರ ವಯಸ್ಸಿನಲ್ಲಿ ಅವರು ಮೊದಲ ಬಾರಿಗೆ ಸವಾರರಾದರು. ಬೆಳಿಗ್ಗೆ ಅದನ್ನು ಮಡಚಿ ರೈಲಿಗೇರಿಸಿ, ಭದ್ರಾವತಿಯಲ್ಲಿ ಬಿಚ್ಚಿ, ತಾವು ಫಿಟ್ಟರ್ ಆಗಿದ್ದ ಕಾರ್ಖಾನೆಗೆ ಹೋಗುತ್ತಿದ್ದರು.

ಆದರೆ ಚಕ್ರ ಚಿಕ್ಕದು. ದೊಡ್ಡ ಸೈಕಲ್ ಒಂದು ಸುತ್ತು ತುಳಿತಕ್ಕೆ ಹದಿನೆಂಟು ಅಡಿ ಹೋದರೆ ಇದು ಹದಿಮೂರೂ ತಲುಪದು. ಸಹೋದ್ಯೋಗಿ ಬೀರಪ್ಪ ದಿನವೂ ಹಿಂದಿನಿಂದ ಬಂದು, ಸರ್ಕಸ್ಸು ಯಾವ ಊರಿಗೆ ಎಂದು ಕೇಳಿ ಮುಂದೆ ಹೋಗಿಬಿಡುತ್ತಿದ್ದ. ಆರು ತಿಂಗಳು ಊರಿನ ಸೈಕಲ್ಲುಗಳ ಹಲ್ಲುಗಳನ್ನೆಲ್ಲ ಹೋಲಿಸಿ ನೋಡಿದ ಧರ್ಮಪ್ಪನವರು ಲೇತ್ ಅಂಗಡಿಯೊಂದರಲ್ಲಿ ಐವತ್ತೆರಡು ಹಲ್ಲಿನ ಚೈನ್‌ವೀಲ್ ಮಾಡಿಸಿ, ಹಿಂದೆ ಹದಿನಾರರದನ್ನು ಕೂರಿಸಿದರು. ಮುಂದೆ ಹಲ್ಲು ಹೆಚ್ಚಿದಷ್ಟೂ ದೂರ ಹೆಚ್ಚು; ಈಗ ಒಂದು ಸುತ್ತಿಗೆ ಹದಿನೇಳು ಅಡಿ. ತುಳಿತ ಬಿಗಿಯಾಯಿತು ನಿಜ, ಆದರೆ ಅವರ ಬಲಗಾಲಿಗೆ ಇಬ್ಬರ ಶಕ್ತಿಯಿತ್ತು. ಬೀರಪ್ಪನನ್ನು ಹಿಂದೆ ಹಾಕಿದ ದಿನ ಗೇಟು ಮುಟ್ಟುವವರೆಗೂ ಬೆಲ್ಲು ಬಾರಿಸುತ್ತಲೇ ಹೋದರಂತೆ.

ಐದು ವರ್ಷಗಳ ನಂತರ ಅವರಿಗೆ ಮಧ್ಯಾಹ್ನದ ಪಾಳಿ ಬಂತು. ಸವಳಂಗ ರಸ್ತೆಯ ಹೊಲಿಗೆ ಅಂಗಡಿಯಲ್ಲಿ ಬೆಳಗಿನ ಹೊತ್ತು ಕೆಲಸ ಮಾಡುತ್ತಿದ್ದ ಹೆಂಡತಿ ಲಿಂಗಮ್ಮನಿಗೆ ಮಿಷನ್ ತುಳಿದೂ ತುಳಿದೂ ಮಂಡಿ ಹಿಡಿದಿತ್ತು. ಹೆಚ್ಚು ನಡೆಯುವುದು ಬೇಡವೆಂದಿದ್ದರು ಡಾಕ್ಟರು. ಈಗ ಬೆಳಿಗ್ಗೆ ಮನೆಯಲ್ಲೇ ಉಳಿಯುತ್ತಿದ್ದ, ಸೀರೆಯುಟ್ಟೂ ಹತ್ತಬಹುದಾದ ಆ ಸೈಕಲ್ಲನ್ನು ಧರ್ಮಪ್ಪನವರೇ ಅವಳಿಗೆ ಕಲಿಸಿದರು. ಅಂಗಡಿ ದಾರಿಯ ಏರಿನಲ್ಲಿ ಕಷ್ಟವಾಗ್ತದೆ ಎಂದು ಅವಳು ಒಮ್ಮೆ ಅಂದಾಗ ಪುಸ್ತಕ ತೆರೆದು ಹದಿನೇಳು ಅಡಿಯ ಮಹಿಮೆಯನ್ನು ವಿವರಿಸಿದರು. ಲಿಂಗಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಒಂದು ಬೆಳಿಗ್ಗೆ ಅವಳು ಮರೆತ ಕನ್ನಡಕ ಕೊಡಲೆಂದು ಆಟೋದಲ್ಲಿ ಹಿಂದೆಯೇ ಹೋದರು. ಏರಿನ ಬುಡದಲ್ಲಿ ಲಿಂಗಮ್ಮ ಇಳಿದು, ಯಾರಾದರೂ ನೋಡಿಯಾರೆಂದು ಸೀರೆಯ ನೆರಿಗೆ ಸರಿಮಾಡುವವಳಂತೆ ಬಗ್ಗಿ, ಎರಡೂ ಕೈಯಲ್ಲಿ ಮಂಡಿ ಒತ್ತಿಕೊಂಡು ನಿಂತಿದ್ದಳು. ಆಮೇಲೆ ಸೈಕಲ್ಲನ್ನು ನಿಧಾನ ತಳ್ಳಿಕೊಂಡು ಏರು ಹತ್ತತೊಡಗಿದಳು.

ಧರ್ಮಪ್ಪನವರು ಆಟೋ ಇಳಿದು ಸೈಕಲ್ಲಿನ ಹಿಡಿ ಹಿಡಿದುಕೊಂಡರು.

"ದಿನಾ ಇಲ್ಲೇ ಇಳಿತೀಯಾ?"

"ನೀವು ಅಷ್ಟು ಇಷ್ಟಪಟ್ಟು ಮಾಡಿಸಿದ್ದು. ಹೇಗೆ ಹೇಳ್ಲಿ ಅಂತ."

ಅವರು ಕನ್ನಡಕವನ್ನು ಅವಳ ಕೈಗಿತ್ತು ಸೈಕಲ್ಲನ್ನು ತಾವೇ ತಳ್ಳತೊಡಗಿದರು. ಏರು ಮುಗಿದ ಮೇಲೆ, "ಊರೋರ ಸೈಕಲ್ಲೆಲ್ಲ ಎಣಿಸ್ದೆ. ನಿನ್ನ ಕೇಳ್ಲೇ ಇಲ್ಲ ನಾನು," ಎಂದರು.

ಆ ಭಾನುವಾರ ಐವತ್ತೆರಡನ್ನು ಬಿಚ್ಚಿ ಮೂವತ್ತಾರನ್ನೂ, ಹಿಂದೆ ಹದಿನೆಂಟನ್ನೂ ಹಾಕಿದರು. ಒಂದು ಸುತ್ತಿಗೆ ಹತ್ತೂವರೆ ಅಡಿ, ಮಂಡಿಗೆ ಹೂವೆತ್ತಿದಷ್ಟು ಹಗುರ. ಸೈಕಲ್ ಒಂದೇ, ಮಧ್ಯಾಹ್ನ ಲಿಂಗಮ್ಮ ಮರಳಿದ ಮೇಲೆ ಅದನ್ನೇ ಮಡಚಿಕೊಂಡು ಅವರು ಭದ್ರಾವತಿಗೆ ಹೊರಡಬೇಕಿತ್ತು. ದಾರಿ ನಿಧಾನವಾಗುತ್ತದೆಂದು ದಿನವೂ ಮುಂಚಿನ ರೈಲು ಹಿಡಿಯತೊಡಗಿದರು. ಅದೇ ಪಾಳಿಯಲ್ಲಿದ್ದ ಬೀರಪ್ಪ ಮತ್ತೆ ಮುಂದೆ ಹೋಗತೊಡಗಿದ.

"ಏನ್ ಮಾರಾಯ, ಲೆಕ್ಕ ತಪ್ಪಿತಾ?"

"ಮುಂಚೆ ತಪ್ಪಿತ್ತು," ಎಂದು ಧರ್ಮಪ್ಪನವರು ತಮ್ಮ ಪಾಡಿಗೆ ತುಳಿದರು.

ಯಂತ್ರಗಳನ್ನು ಪ್ರೀತಿಸುವವರು ಒಣ ಮನುಷ್ಯರೆಂದು ನಾವು ಸಲೀಸಾಗಿ ತಿಳಿದುಬಿಡುತ್ತೇವೆ. ನಾನು ಕಂಡ ಮಟ್ಟಿಗೆ ಅವರಲ್ಲಿ ಕೆಲವರಿಗೆ ಮಮತೆಯನ್ನು ಆಡಿ ತೋರಿಸಲು ಬಾರದು, ಅಷ್ಟೇ; ತಡವಾಗಿಯಾದರೂ ಒಬ್ಬರ ನೋವು ಕಣ್ಣಿಗೆ ಬಿದ್ದರೆ ಅವರು ಸಾಂತ್ವನ ಹೇಳುತ್ತ ಕೂರುವುದಿಲ್ಲ, ಕೈಗೆ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.